ಅಣ್ಣಪ್ಪ ಕಂಪ್ಯೂಟರಿಗೆ ಹಿಂದಿ ಕಲಿಸಿದ್ದು

ಅಣ್ಣಪ್ಪನ ತಲೆಗೂ ಕೈಗೂ ಮಾತುಕತೆ ಕಮ್ಮಿ. ತಲೆ ಏನೋ ಯೋಚಿಸುತ್ತ ಕೂತಿರುವಾಗ ಕೈ ತನ್ನ ಪಾಡಿಗೆ ತಾನು ಒಂದು ಕೆಲಸ ಮುಗಿಸಿಬಿಟ್ಟಿರುತ್ತದೆ. ಇದನ್ನು ಮೊದಲು ಕಂಡುಹಿಡಿದವಳು ಅವನ ಹೆಂಡತಿ ಸುಮಿತ್ರಾ. ಮದುವೆಯಾಗಿ ವಿಶಾಖಪಟ್ಟಣದ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲಿ ಅವಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು, ಒರೆಸಿ, ತನ್ನ ಕೈಗೆಟುಕುವಂತೆ ಜೋಡಿಸಿಟ್ಟಳು. ಕಾಫಿ ಮಾಡುತ್ತೇನೆಂದು ಒಳಗೆ ಹೋದ ಅಣ್ಣಪ್ಪ ಲೋಟ ಹಿಡಿದು ಹೊರಬರುವಷ್ಟರಲ್ಲಿ ಬೇಳೆ, ಸಕ್ಕರೆ, ಮೆಣಸಿನಪುಡಿ ಎಲ್ಲವೂ ಅವನ ಬ್ರಹ್ಮಚರ್ಯದ ಕಾಲದ ಜಾಗಕ್ಕೇ ವಾಪಸಾಗಿದ್ದವು.

"ಯಾಕ್ರೀ ತೆಗೆದಿಟ್ರಿ?" ಅಂದಳು ಸುಮಿತ್ರಾ.

"ಏನನ್ನ?" ಅಂದ ಅಣ್ಣಪ್ಪ. ನಾಟಕವಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ತಪ್ಪು ಅವನದಲ್ಲ, ಕಸುಬಿನದು. ತಿಪಟೂರಿನ ಕಡೆಯಿಂದ ಬಂದ ಅಣ್ಣಪ್ಪ ಆ ಸರ್ಕಾರಿ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಎಂಜಿನಿಯರು. ಒತ್ತಡ, ಶಾಖ ಅಳೆಯುವ ಗೇಜುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಆ ವಿಭಾಗದಲ್ಲಿ ಒಂದು ಪದ್ಧತಿಯಿದೆ. ಯಾವ ಗೇಜನ್ನು ಮುಟ್ಟುವ ಮೊದಲೂ ಅದು ಹೇಗಿತ್ತೆಂದು ಗುರುತು ಮಾಡಿಕೊಳ್ಳಬೇಕು. ಅದಕ್ಕೆ 'ಆಸ್ ಫೌಂಡ್' ಎನ್ನುತ್ತಾರೆ. ಸರಿಮಾಡಿದ ಮೇಲೆ ಹೇಗೆ ಬಿಟ್ಟೆವೆಂದು ಗುರುತು ಮಾಡಿಕೊಳ್ಳಬೇಕು. ಅದು 'ಆಸ್ ಲೆಫ್ಟ್'. ಬರೀ ಪರೀಕ್ಷೆಗೆ ಮುಟ್ಟಿದ್ದಾದರೆ, ಕೆಲಸ ಮುಗಿದ ಮೇಲೆ ಆಸ್ ಫೌಂಡ್‌ಗೆ ತಂದಿಟ್ಟು ಸುಮ್ಮನೆ ಮನೆಗೆ ಹೋಗಬೇಕು. ಇಪ್ಪತ್ತು ವರ್ಷ ಇದನ್ನೇ ಮಾಡಿ ಮಾಡಿ ಅಣ್ಣಪ್ಪನ ಕೈಗೆ ಅದು ಉಸಿರಾಟದಷ್ಟೇ ಸಲೀಸಾಗಿತ್ತು. ಯಾವುದನ್ನು ಮುಟ್ಟಿದರೂ ಮೊದಲಿದ್ದ ಹಾಗೆ ಮಾಡಿಟ್ಟರೇ ಆ ಕೈಗೆ ಸಮಾಧಾನ. ನೆಂಟರ ಮನೆಯ ಫ್ಯಾನು ಜೋರು ಮಾಡಿಕೊಂಡು ಕೂತರೆ, ಹೊರಡುವಾಗ ನಿಧಾನ ಮಾಡಿಟ್ಟೇ ಬರುತ್ತಿದ್ದ, ಕೆಳಗೆ ಅವರು ಬೆವರು ಸುರಿಸುತ್ತ ಕೂತಿದ್ದರೂ ಸರಿಯೇ.

ಎಲ್ಲವನ್ನೂ ಮೊದಲಿನ ಹಾಗೆ ಇಡುವ ಈ ಮನುಷ್ಯನ ಸಂಸಾರ ಮಾತ್ರ ಮೊದಲಿನ ಹಾಗೆ ಉಳಿಯಲಿಲ್ಲ. ಸುಮಿತ್ರಾ ಬ್ಯಾಂಕಿನ ಆಫೀಸರು. ಪ್ರಮೋಷನ್ ಬಂತು, ಅದರ ಬೆನ್ನಿಗೇ ವಿಜಯವಾಡಕ್ಕೆ ವರ್ಗ. ಮಗಳು ಜಾಹ್ನವಿಯನ್ನು ಕರೆದುಕೊಂಡು ಹೋಗಿ ಪಟಮಟದಲ್ಲಿ ದುರ್ಗಾಂಬ ಎನ್ನುವವರ ಮನೆಯ ಮಹಡಿ ಹಿಡಿದಳು. ಅಣ್ಣಪ್ಪ ಕ್ವಾರ್ಟರ್ಸಿನಲ್ಲಿ ಒಬ್ಬನೇ ಉಳಿದ. ಶನಿವಾರ ಮಧ್ಯಾಹ್ನ ರತ್ನಾಚಲ್ ರೈಲು ಹಿಡಿದು ಹೋಗುವುದು, ಭಾನುವಾರ ಮಗಳಿಗೆ ಬಿಸಿ ಪುನುಗುಲು ಬೋಂಡ ಕೊಡಿಸುವುದು, ಸೋಮವಾರ ಬಾಡಿದ ಮುಖ ಹೊತ್ತು ಡ್ಯೂಟಿಗೆ ಬರುವುದು. ಉಳಿದ ದಿನಗಳಲ್ಲಿ ಅವನದೇ ಅಡುಗೆ. ಅವನು ಮಾಡುವ ಉಪ್ಪಿಟ್ಟನ್ನು ಟೌನ್‌ಷಿಪ್ಪಿನ ಕಾಗೆಗಳು ಕೂಡ ಒಂದು ಸಲ ಮೂಸಿ ನೋಡಿ, ಮರ್ಯಾದೆಗೆ ಸ್ವಲ್ಪ ಹೊತ್ತು ನಿಂತು ಹಾರಿಹೋಗುತ್ತಿದ್ದವು.

ಜಾಹ್ನವಿ ಫೋನಿನಲ್ಲಿ "ನಾನ್ನಾ, ಎಪ್ಪುಡು ವಸ್ತಾವು?" ಎನ್ನುತ್ತಿದ್ದಳು.

"ಕನ್ನಡದಲ್ಲಿ ಕೇಳು ಪುಟ್ಟಿ."

"ಅಪ್ಪಾ, ಯಾವಾಗ ಬರ್ತಾವು?"

"ಬರ್ತೀಯ ಅನ್ನಬೇಕು."

"ನೀನು ಫಸ್ಟು ಬಾ, ಆಮೇಲೆ ಹೇಳಿಕೊಡು," ಎನ್ನುತ್ತಿದ್ದಳು ಆ ಹುಡುಗಿ. ನ್ಯಾಯವಾದ ಮಾತು. ಅಣ್ಣಪ್ಪ ಫೋನಿಟ್ಟು ಶನಿವಾರಕ್ಕೆ ಇನ್ನೆಷ್ಟು ದಿನ ಎಂದು ಎಣಿಸುತ್ತಿದ್ದ.

ಹೋಗುವುದಕ್ಕೆ ಅವನೇನು ಒಲ್ಲೆನೆಂದಿದ್ದನೆ? ವಿಜಯವಾಡದಲ್ಲಿ ಕಾರ್ಖಾನೆಯದೇ ಒಂದು ಆಫೀಸಿತ್ತು. ಅಲ್ಲಿಗೆ ಹಾಕಿಕೊಡಿ ಎಂದು ವಿಭಾಗದ ಮುಖ್ಯಸ್ಥೆ ರಾಜ್ಯಲಕ್ಷ್ಮಿ ಮೇಡಂಗೆ ಮೇಲಿಂದ ಮೇಲೆ ಅರ್ಜಿ ಕೊಟ್ಟಿದ್ದ. ಎಲ್ಲವೂ ತಿರಸ್ಕಾರವಾಗಿದ್ದವು. ಸರ್ಕಾರಿ ಕಾರ್ಖಾನೆಗಳಲ್ಲಿ ಒಂದು ನಿಯಮ ಇರುತ್ತದೆ, ಎಲ್ಲೂ ಬರೆದಿಟ್ಟಿಲ್ಲ, ಬರೆದಿಟ್ಟವುಗಳಿಗಿಂತ ಗಟ್ಟಿ. ಬೇಡ ಎಂದವನಿಗೆ ಕೊಡು, ಬೇಕು ಎಂದವನಿಗೆ ಕೊಡಬೇಡ. ಅದರ ಮೇಲೆ ಅಣ್ಣಪ್ಪ ಕೆಲಸ ಚೆನ್ನಾಗಿ ಮಾಡುತ್ತಿದ್ದ. ಕೆಲಸ ಕೆಡಿಸುವವನನ್ನಾದರೆ ಯಾವತ್ತೋ ಸಾಗಹಾಕಿರುತ್ತಿದ್ದರು. ಚೆನ್ನಾಗಿ ಮಾಡುವವನನ್ನು ಯಾವ ದಡ್ಡ ಬಿಟ್ಟುಕೊಡುತ್ತಾನೆ?

ಒಂಟಿತನಕ್ಕೆ ಮದ್ದೆಂದು ಅಣ್ಣಪ್ಪ ಒಂದು ಕಂಪ್ಯೂಟರು ಕೊಂಡ. ಇದು ಎರಡು ಸಾವಿರದ ಎಂಟನೆಯ ಇಸವಿಯ ಮಾತು. ಅದಕ್ಕೆ ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದ ಲಿನಕ್ಸ್ ಸಿ.ಡಿ. ಹಾಕಿದ. ಮೊದಲನೇ ಪರದೆಯಲ್ಲೇ ಅದು, ನಿನಗೆ ಯಾವ ಭಾಷೆ ಬೇಕು ಎಂದು ಕೇಳಿತು. ಕೆಳಗೆ ಉದ್ದಕ್ಕೆ ಭಾಷೆಗಳ ಹೆಸರು. ನಡುವೆ ಎಲ್ಲೋ ಕನ್ನಡವೂ ಇತ್ತು. ವಿಶಾಖಪಟ್ಟಣಕ್ಕೆ ಬಂದಾಗಿನಿಂದ ಯಾವ ನರಮನುಷ್ಯನೂ ಅಣ್ಣಪ್ಪನನ್ನು, ನಿನಗೆ ಯಾವ ಭಾಷೆ ಬೇಕಪ್ಪ ಎಂದು ಕೇಳಿರಲಿಲ್ಲ. ಅವನು ತಡಮಾಡದೆ ಕನ್ನಡವನ್ನು ಒತ್ತಿದ.

ಒತ್ತಿದ್ದಕ್ಕೆ ಪರದೆಯ ತುಂಬ ಖಾಲಿ ಚೌಕಗಳು ಬಂದವು, ತಟ್ಟೆಯಲ್ಲಿ ಕೊಯ್ದಿಟ್ಟ ಮೈಸೂರುಪಾಕಿನ ಹಾಗೆ. ಭಾಷೆಯೇನೋ ಕನ್ನಡ, ಆದರೆ ಬರೆಯುವುದಕ್ಕೆ ಅಕ್ಷರಗಳೇ ಯಂತ್ರದಲ್ಲಿ ಇರಲಿಲ್ಲ. ಫಾಂಟ್ ಬೇರೆ ಹಾಕಬೇಕಿತ್ತು. ಗಾಜುವಾಕದ ಇಂಟರ್‌ನೆಟ್ ಅಂಗಡಿಗೆ ಹೋಗಿ ಅದನ್ನು ಇಳಿಸಿಕೊಂಡು ಬಂದು ಹಾಕಿದ ಮೇಲೆ ಚೌಕಗಳೆಲ್ಲ ದುಂಡುದುಂಡಗೆ ಕನ್ನಡವಾಗಿ ಅರಳಿದವು. ಮೂಲೆಯ ಗಡಿಯಾರದಲ್ಲಿ ವಾರದ ಹೆಸರು ಕೂಡ ಕನ್ನಡದಲ್ಲೇ ಬಂತು. ಅಣ್ಣಪ್ಪ ಎದ್ದು ದೇವರ ಮುಂದೆ ಒಂದು ದೀಪ ಹಚ್ಚಿದ.

ಆಮೇಲೆ ಶುರುವಾಯಿತು ಪೀಕಲಾಟ. ಅದು ಮನೆಯಲ್ಲಿ ಆಡುವ ಕನ್ನಡವಲ್ಲ. 'ಕಡತ', 'ನಿರ್ಗಮಿಸು', 'ಸ್ಥಗಿತಗೊಳಿಸು'. ಅಣ್ಣಪ್ಪ ಬ್ಯಾಂಕಿನ ಹೊತ್ತಿನಲ್ಲೇ ಸುಮಿತ್ರಾಗೆ ಫೋನು ಹಚ್ಚುತ್ತಿದ್ದ.

"ಏ ಇವಳೇ, ಇದು ಒಂದು ಪ್ರಕ್ರಿಯೆಯನ್ನು ಕೊಲ್ಲಬೇಕೆ ಅಂತ ಕೇಳ್ತಾ ಇದೆ ಕಣೆ."

"ಏನನ್ನ ಕೊಲ್ಲೋದು?"

"ಗೊತ್ತಿಲ್ಲ. ಹೌದು, ಇಲ್ಲ ಅಂತ ಎರಡೇ ಇದೆ. ಶನಿವಾರ ಬೇರೆ."

"ಇಲ್ಲ ಅನ್ರಿ. ಶನಿವಾರ ಯಾಕೆ ಬೇಕು ಪಾಪ," ಅಂತ ಅವಳು ಚೆಕ್ಕು ಪಾಸು ಮಾಡುತ್ತಲೇ ಹೇಳುತ್ತಿದ್ದಳು. ಹೀಗೆ ಕೆಟ್ಟು ನಿಂತ ಪ್ರೋಗ್ರಾಮು ಯಾವುದನ್ನೂ ಕೊಲ್ಲದೆ ಬಿಟ್ಟು ಬಿಟ್ಟು ಆ ಯಂತ್ರ ಸಂಜೆಯ ಹೊತ್ತಿಗೆ ಎಮ್ಮೆಯ ಹಾಗೆ ನಿಂತುಬಿಡುತ್ತಿತ್ತು. ಆದರೂ ಅಣ್ಣಪ್ಪ ಇಂಗ್ಲಿಷಿಗೆ ಬದಲಿಸಲಿಲ್ಲ. ಆ ಮನೆಯಲ್ಲಿ ಅವನ ಜೊತೆ ಕನ್ನಡ ಆಡುವವರು ಬೇರೆ ಯಾರಿದ್ದರು ಹೇಳಿ. ಕ್ರಮೇಣ ಅದರ ಒಳಗುಟ್ಟೂ ಅವನಿಗೆ ತಿಳಿಯಿತು. ಭಾಷೆ, ವಾರ, ತಾರೀಕು, ಅಕ್ಷರಗಳ ಕ್ರಮ ಎಲ್ಲಕ್ಕೂ ಒಂದು ಸಣ್ಣ ಫೈಲು, ಅದರಲ್ಲಿ ಒಂದು ಸಾಲು. ಆ ಸಾಲಿನಲ್ಲಿ 'ಕೆ ಎನ್' ಎಂದಿದ್ದರೆ ಕನ್ನಡ, 'ಎಚ್ ಐ' ಎಂದಿದ್ದರೆ ಹಿಂದಿ, 'ಟಿ ಇ' ಎಂದಿದ್ದರೆ ತೆಲುಗು. ಎರಡಕ್ಷರ ಬದಲಿಸಿ, ಹೊರಗೆ ಹೋಗಿ ಮತ್ತೆ ಲಾಗಿನ್ ಆದರೆ ಯಂತ್ರ ಬೇರೆ ಊರಿನದಾಗಿಬಿಡುತ್ತಿತ್ತು.

ಸೆಪ್ಟೆಂಬರಿನಲ್ಲಿ ಕಾರ್ಖಾನೆಗೆ ಹಿಂದಿ ಪಕ್ಷ ಬಂತು. ಹದಿನೈದು ದಿನ ಹಿಂದಿಯಲ್ಲಿ ಭಾಷಣ, ಹಿಂದಿಯಲ್ಲಿ ಪ್ರಬಂಧ, ಹಿಂದಿಯಲ್ಲಿ ಹಾಜರಿ. ಕೊನೆಯಲ್ಲಿ ದೆಹಲಿಯ ಹೆಡ್ಡಾಫೀಸಿನಿಂದ ಒಬ್ಬ ಸಾಹೇಬರು ಬಂದು ತಪಾಸಣೆ ಮಾಡುವುದು ವಾಡಿಕೆ. ಈ ಸಲ ಅವರು, ವಿಭಾಗಕ್ಕೆ ಒಂದಾದರೂ ಕಂಪ್ಯೂಟರು ಹಿಂದಿಯಲ್ಲಿ ನಡೆಯಬೇಕು ಎಂದು ಮೊದಲೇ ಹೇಳಿಕಳಿಸಿದ್ದರು. ಕಾರ್ಖಾನೆಯ ಉಳಿದ ಕಂಪ್ಯೂಟರುಗಳಿಗೆ ಹಿಂದಿ ಹಾಕಬೇಕಾದರೆ ಟೆಂಡರು ಕರೆಯಬೇಕು, ಅಷ್ಟರಲ್ಲಿ ಮುಂದಿನ ಹಿಂದಿ ಪಕ್ಷ ಬಂದಿರುತ್ತದೆ. ಇನ್‌ಸ್ಟ್ರುಮೆಂಟ್ ಲ್ಯಾಬಿನಲ್ಲಿ ಗೇಜುಗಳ ಲೆಕ್ಕ ಬರೆದುಕೊಳ್ಳುವ ಒಂದು ಯಂತ್ರ ಮಾತ್ರ ಲಿನಕ್ಸಿನದು.

ರಾಜ್ಯಲಕ್ಷ್ಮಿ ಮೇಡಂ ಅಣ್ಣಪ್ಪನನ್ನು ಕರೆಸಿದರು. "ಅಣ್ಣಪ್ಪಗಾರೂ, ನಿಮ್ಮ ಮನೆಯಲ್ಲಿ ಇಂಥದ್ದೇ ಇದೆಯಂತಲ್ಲ. ಇದಕ್ಕೆ ಹಿಂದಿ ಬರಿಸೋಕೆ ಆಗುತ್ತಾ?"

"ಆಗುತ್ತೆ ಮೇಡಂ," ಅಂದ ಅಣ್ಣಪ್ಪ. ಹೆದರಿಕೆ ಬಿಟ್ಟು ಇನ್ನೊಂದು ಮಾತು ಸೇರಿಸಿದ. "ಅದೇ, ನನ್ನ ವಿಜಯವಾಡದ ವಿಷಯ..."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪಾಸಣೆ ಚೆನ್ನಾಗಿ ಆಗಲಿ. ಅವತ್ತೇ ಸೈನು ಹಾಕ್ತೀನಿ. ಕೆಟ್ಟರೆ ಮಾತ್ರ ರಿಟೈರ್ ಆಗೋವರೆಗೂ ನನ್ನ ಮುಂದೆ ವಿಜಯವಾಡ ಅನ್ನೋ ಹೆಸರು ಎತ್ತಬೇಡಿ."

ಅಣ್ಣಪ್ಪ ಆ ಸಂಜೆ ಮನೆಗೆ ನಡೆದು ಬಂದನೋ ಹಾರಿ ಬಂದನೋ ಅವನಿಗೇ ಗೊತ್ತಿಲ್ಲ. ಅವನ ಸಂಸಾರವೆಲ್ಲ ಈಗ ಎರಡಕ್ಷರದ ಮೇಲೆ ನಿಂತಿತ್ತು. ಆದರೆ ನಡೆಯುತ್ತಿರುವ ಯಂತ್ರವನ್ನು ಏಕಾಏಕಿ ಮುಟ್ಟುವ ಜಾತಿಯವನಲ್ಲ ಅವನು. ಮೊದಲು ಮನೆಯಲ್ಲಿ ಪರೀಕ್ಷೆ. ತನ್ನ ಯಂತ್ರದ ಕನ್ನಡದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಅದಕ್ಕೆ 'ಆಸ್ ಫೌಂಡ್' ಎಂದು ಹೆಸರಿಟ್ಟ. ಹಿಂದಿಯ ಫೈಲು ಮಾಡಿ 'ಆಸ್ ಲೆಫ್ಟ್' ಎಂದು ಹೆಸರಿಟ್ಟ. ಹಿಂದಿ ಹಾಕಿದ, ಹಿಂದಿ ಬಂತು. ಆಸ್ ಫೌಂಡ್ ಹಾಕಿದ, ಕನ್ನಡ ವಾಪಸು ಬಂತು. ಲ್ಯಾಬಿನ ಯಂತ್ರಕ್ಕೆ ಬೇಕಾದೀತೆಂದು ಮನೆಯ ಎಲ್ಲ ಫಾಂಟುಗಳನ್ನೂ ಅದೇ ಪೆನ್‌ಡ್ರೈವಿಗೆ ತುಂಬಿಕೊಂಡ. ಇಷ್ಟು ಜಾಗ್ರತೆ ಮಾಡುವವನಿಗೆ ಏನಾದೀತು ಎಂದು ನೀವೂ ಅಂದುಕೊಳ್ಳುತ್ತೀರಿ. ಅವನೂ ಹಾಗೇ ಅಂದುಕೊಂಡ.

ತಪಾಸಣೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಲ್ಯಾಬಿಗೆ ಹೋದ. ಫಾಂಟುಗಳನ್ನು ಹಾಕಿದ. ಆಸ್ ಲೆಫ್ಟ್ ಫೈಲು ಹಾಕಿ ಹೊಸದಾಗಿ ಲಾಗಿನ್ ಆದ. ಯಂತ್ರ ಹಿಂದಿಯಲ್ಲಿ ಥಳಥಳ ಹೊಳೆಯಿತು. ರಾಜ್ಯಲಕ್ಷ್ಮಿ ಮೇಡಂ ಬಂದು ನೋಡಿ "ಶಬಾಷ್" ಎಂದರು.

"ಹೀಗೇ ಇಡಬೇಡಿ ಅಣ್ಣಪ್ಪಗಾರೂ. ಲಾಗೌಟ್ ಮಾಡಿಡಿ. ಸಾಹೇಬರ ಕೈಯಲ್ಲೇ ಶುರು ಮಾಡಿಸೋಣ, ಚೆನ್ನಾಗಿರುತ್ತೆ," ಎಂದು ಹೇಳಿ ಹಾರ ತುರಾಯಿ ನೋಡಲು ಹೋದರು.

ಅಣ್ಣಪ್ಪ ಯಂತ್ರದ ಮುಂದೆ ಕೂತ. ಕೆಲಸ ಮುಗಿದಿತ್ತು. ತಲೆ ಆಗಲೇ ಪಟಮಟಕ್ಕೆ ಹೊರಟುಹೋಯಿತು. ದಿನಾ ಬೆಳಿಗ್ಗೆ ಜಾಹ್ನವಿಯನ್ನು ಸ್ಕೂಲಿಗೆ ಬಿಡಬಹುದು. ಸಂಜೆ ಬೆಂಜ್ ಸರ್ಕಲ್‌ವರೆಗೆ ಮೂವರೂ ನಡೆದು ಹೋಗಬಹುದು. ಸುಮಿತ್ರಾ ಮಾಡುವ ಹುರುಳಿಕಾಳಿನ ಸಾರಿಗೆ ಮುದ್ದೆ ಅದ್ದಿ... ತಲೆ ಅಲ್ಲಿ ಮುದ್ದೆ ನುಂಗುತ್ತಿರುವಾಗ ಕೈ ಇಲ್ಲಿ ತನ್ನ ಇಪ್ಪತ್ತು ವರ್ಷದ ಧರ್ಮ ಪಾಲಿಸಿತು. ಪರೀಕ್ಷೆ ಮುಗಿಯಿತಲ್ಲ, ಆಸ್ ಫೌಂಡ್ ಫೈಲು ವಾಪಸು ಹಾಕಿತು. ಪೆನ್‌ಡ್ರೈವ್ ಕಿತ್ತು ಜೇಬಿಗಿಟ್ಟಿತು. ನೀಟಾಗಿ ಲಾಗೌಟ್ ಮಾಡಿತು. ಅಣ್ಣಪ್ಪ ಸಿಳ್ಳೆ ಹಾಕುತ್ತ ಟೀ ಕುಡಿಯಲು ಹೋದ.

ದೆಹಲಿಯ ಸಾಹೇಬರು ಬಂದರು. ದಪ್ಪ ಮನುಷ್ಯ, ಒಳ್ಳೆಯವರೇ, ಬೆವರಿಗೆ ಮಾತ್ರ ಸೋತಿದ್ದರು. ಕೊರಳಿಗೆ ಹಾರ ಬಿತ್ತು, ಕೈಗೆ ಗೋಡಂಬಿ ತಟ್ಟೆ ಬಂತು. ಯಂತ್ರ ನಡೆಸುವುದಕ್ಕೆಂದು ಟೆಕ್ನಿಷಿಯನ್ ದಿನಕರ ಕೀಲಿಮಣೆಯ ಪಕ್ಕದಲ್ಲಿ ಇಸ್ತ್ರಿ ಮಾಡಿದ ಷರಟು ತೊಟ್ಟು ನಿಂತಿದ್ದ. ಅವನು ಅಪ್ಪಟ ವಿಶಾಖಪಟ್ಟಣದವನು. ಸಾಹೇಬರ ಕೈಯಿಂದ ಗುಂಡಿ ಒತ್ತಿಸಿದ. ಪರದೆ ಬೆಳಗಿತು. ಎಡಗಡೆ ಮೇಲೆ ಅನ್ವಯಗಳು, ಸ್ಥಳಗಳು, ವ್ಯವಸ್ಥೆ, ಸಹಾಯ. ಬಲಗಡೆ ಬುಧವಾರ.

ಅಣ್ಣಪ್ಪನ ಬಾಯಿಯ ಟೀ ರುಚಿ ಅಲ್ಲೇ ಆರಿಹೋಯಿತು. ಜೇಬಿನ ಪೆನ್‌ಡ್ರೈವ್ ಮುಟ್ಟಿಕೊಂಡ. ತನ್ನ ಕೈ ಏನು ಮಾಡಿದೆ ಎಂದು ತಲೆಗೆ ಆಗ ಗೊತ್ತಾಯಿತು. ಅದರಲ್ಲಿದ್ದ ಆಸ್ ಫೌಂಡ್ ಲ್ಯಾಬಿನದಲ್ಲ, ಮನೆಯ ಕನ್ನಡದ್ದು. ಸಾಹೇಬರು ಮುಂದಕ್ಕೆ ಬಗ್ಗಿ, ಹಿಂದಕ್ಕೆ ಬಾಗಿ, ಪರದೆಯನ್ನು ನೋಡಿದರು.

"ಇದು ಹಿಂದಿ ಅಲ್ಲವಲ್ಲ," ಎಂದರು ಹಿಂದಿಯಲ್ಲಿ. "ಯಾವ ಭಾಷೆ?"

ರಾಜ್ಯಲಕ್ಷ್ಮಿ ಮೇಡಂ ಕನ್ನಡಕವನ್ನು ತಮ್ಮ ಮೇಜಿನ ಮೇಲೇ ಬಿಟ್ಟು ಬಂದಿದ್ದರು. ದೂರದಿಂದ ದುಂಡಗಿನ ಅಕ್ಷರಗಳು ಕಂಡವು. ಇಪ್ಪತ್ತೈದು ವರ್ಷ ಇಂಥ ತಪಾಸಣೆಗಳನ್ನು ದಾಟಿಬಂದ ಹೆಂಗಸು ಅವರು, ಸುಮ್ಮನೆ ಅಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು.

"ತೆಲುಗು ಸಾರ್. ಬೋರ್ಡುಗಳಲ್ಲಿ ಪ್ರಾದೇಶಿಕ ಭಾಷೆ ಮೊದಲು, ಹಿಂದಿ ಆಮೇಲೆ ಅಂತ ನಿಯಮ ಇದೆಯಲ್ಲ. ಕಂಪ್ಯೂಟರಿಗೂ ಹಾಗೇ ಶುರು ಮಾಡಿದ್ದೀವಿ. ಮುಂದಿನ ಹಂತ ಹಿಂದಿ."

"ಹೌದಾ. ಓದಿ ನೋಡೋಣ," ಎಂದರು ಸಾಹೇಬರು ದಿನಕರನಿಗೆ.

ಕನ್ನಡಕ್ಕೂ ತೆಲುಗಿಗೂ ಅಕ್ಷರದಲ್ಲಿ ಅಣ್ಣತಮ್ಮಂದಿರ ಹೋಲಿಕೆ. ದಿನಕರ ಕಣ್ಣು ಕಿರಿದು ಮಾಡಿದ. "ಅಕ್ಷರ ಸ್ವಲ್ಪ ಸೊಟ್ಟಗಿದೆ ಸಾರ್. ಲಿನಕ್ಸ್ ಅಲ್ವಾ, ಹಾಗೇ," ಎಂದು ಸಮಜಾಯಿಷಿ ಕೊಟ್ಟು ಓದಿದ. "ಸ್ಥಲಾಲು. ವ್ಯವಸ್ಥ. ಸಹಾಯಂ. ಬುಧವಾರಂ."

ಸಾಹೇಬರ ಮುಖ ಅರಳಿತು. "ಸ್ಥಲ್, ವ್ಯವಸ್ಥಾ, ಸಹಾಯ್, ಬುಧ್‌ವಾರ್. ಅರೆ, ಇದೆಲ್ಲ ನಮ್ಮದೇ ಶಬ್ದಗಳು. ಮತ್ತೆ ನಮಗೆ ತೆಲುಗು ಬರೋದಿಲ್ಲ ಅಂತ ಯಾರು ಹೇಳಿದ್ದು?"

ಎಲ್ಲರೂ ನಕ್ಕರು. ಅಣ್ಣಪ್ಪನೂ ಹಲ್ಲು ಬಿಟ್ಟ, ಅದು ನಗುವಾಗಿರಲಿಲ್ಲ. ಅಷ್ಟರಲ್ಲಿ ದಿನಕರ ಉತ್ಸಾಹದಲ್ಲಿ ಏನನ್ನೋ ಒತ್ತಿದ. ನಡುಪರದೆಯಲ್ಲಿ ಒಂದು ಪ್ರಶ್ನೆ ಎದ್ದು ನಿಂತಿತು, 'ಈ ಪ್ರಕ್ರಿಯೆಯನ್ನು ಕೊಲ್ಲಬೇಕೆ?' ದಿನಕರ ಒಂದು ಸಲ ಓದಿದ, ಇನ್ನೊಂದು ಸಲ ಓದಿದ, ತಲೆ ಕೆರೆದುಕೊಂಡ.

"ಇದು ನನಗೆ ತಿಳೀತಿಲ್ಲ ಮೇಡಂ."

ರಾಜ್ಯಲಕ್ಷ್ಮಿ ಮೇಡಂ ಪರದೆಯ ಹತ್ತಿರ ಬಂದರು. ಕಣ್ಣಿಗೆ ಮಂಜು ಮಂಜು. ಆದರೂ ಗಟ್ಟಿಯಾಗಿ ಓದಿದರು. ಓದಿ ತಲೆದೂಗಿದರು. "ಇದು ಗ್ರಾಂಥಿಕ ತೆಲುಗು ಸಾರ್. ಹಳೇ ಕಾವ್ಯಗಳಲ್ಲಿ ಬರುತ್ತೆ. ಈಗಿನವರಿಗೆ ಎಲ್ಲಿ ಬರಬೇಕು? ನಮ್ಮ ತಾತನವರು ಹೀಗೇ ಮಾತಾಡ್ತಿದ್ದರು," ಎಂದು ಅಲ್ಲೇ ನಿಂತು ತೆಲುಗಿನ ಮಾಧುರ್ಯದ ಬಗ್ಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟರು. ಸಾಹೇಬರು ಗೋಡಂಬಿ ತಿನ್ನುತ್ತ ಹೌದು ಹೌದೆಂದರು.

ಅಣ್ಣಪ್ಪನ ಸ್ಥಿತಿ ಮಾತ್ರ ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನದು. ತಿಪಟೂರಿನ ಹೈಸ್ಕೂಲಿನಲ್ಲಿ ಬೆತ್ತದೇಟು ತಿಂದು ಕಲಿತ ಕನ್ನಡ ಅದು. ಅದನ್ನು ಕಣ್ಣೆದುರಿಗೇ ಯಾರದೋ ತಾತನವರ ತೆಲುಗು ಮಾಡುತ್ತಿದ್ದಾರೆ. ಅದು ಕನ್ನಡ ಕಣ್ರೀ ಎಂಬ ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು. ಬಾಯಿಬಿಟ್ಟರೆ ವಿಜಯವಾಡ ಹೋಯಿತು. ಬಾಯಿ ಮುಚ್ಚಿಕೊಂಡರೆ ಮಗಳು ಸಿಕ್ಕುತ್ತಾಳೆ. ಮುಚ್ಚಿಕೊಂಡ. ಮನಸ್ಸಿನಲ್ಲೇ ಕನ್ನಡಕ್ಕೆ ಕೈಮುಗಿದು, ತಪ್ಪಾಯ್ತಮ್ಮ ಎಂದುಕೊಂಡ.

ಸಾಹೇಬರು ಭಾರೀ ಮೆಚ್ಚುಗೆ ಹೇಳಿ ಏರ್‌ಪೋರ್ಟಿಗೆ ಹೋದರು. ಸಂಜೆ ಮೇಡಂ ಅಣ್ಣಪ್ಪನನ್ನು ಕರೆಸಿ, ತಟ್ಟೆಯಲ್ಲಿ ಪೂತರೇಕು ಇಟ್ಟು ಮುಂದಕ್ಕೆ ತಳ್ಳಿದರು.

"ತಿನ್ನಿ ಅಣ್ಣಪ್ಪಗಾರೂ. ಬೆಳಿಗ್ಗೆ ನನಗೆ ಹಿಂದಿ ತೋರಿಸಿ, ಸಾಹೇಬರ ಮುಂದೆ ತೆಲುಗೇ ಹಾಕಿದ್ದೀರಿ. ನನಗೂ ಹೇಳಲಿಲ್ಲ ನೋಡಿ, ಗಟ್ಟಿಗರು. ಹೆಡ್ಡಾಫೀಸಿನಿಂದ ಆಗಲೇ ಫೋನು ಬಂತು. ಎಲ್ಲ ವಿಭಾಗದ ಕಂಪ್ಯೂಟರಿಗೂ ಹೀಗೇ ಮಾಡಬೇಕಂತೆ."

"ಮೇಡಂ, ನನ್ನ ವಿಜಯವಾಡ..."

"ವಿಜಯವಾಡನಾ? ಈಗ ನಿಮ್ಮನ್ನ ಬಿಟ್ಟರೆ ನನ್ನ ಕತೆ ಏನು? ಇನ್ನೂ ನಾಲ್ಕೈದು ವರ್ಷದ ಕೆಲಸ ಇದೆ ಇಲ್ಲಿ," ಎಂದು ಮೇಡಂ ಪ್ರೀತಿಯಿಂದಲೇ ಹೇಳಿದರು. ಪೂತರೇಕು ಬಾಯಿಗಿಟ್ಟರೆ ಕರಗುವ ಸಿಹಿ. ಅಣ್ಣಪ್ಪನ ಗಂಟಲಲ್ಲಿ ಅದು ಸಿಕ್ಕಿಕೊಂಡಿತು.

ಮನೆಗೆ ಬಂದು ಸುಮಿತ್ರಾಗೆ ಫೋನು ಮಾಡಿ ಎಲ್ಲ ಹೇಳಿದ.

"ಸುಳ್ಳು ಹೇಳಿದ್ರಾ?"

"ನಾನೆಲ್ಲಿ ಹೇಳ್ದೆ? ಸುಮ್ನಿದ್ದೆ ಅಷ್ಟೆ."

"ಸುಮ್ನಿದ್ರಲ್ಲ, ಹಾಗೇ ಅಲ್ಲೇ ಸುಮ್ನಿರಿ ಇನ್ನು ನಾಲ್ಕೈದು ವರ್ಷ," ಅಂದಳು ಸುಮಿತ್ರಾ. ಕೋಪವೇ. ಆಮೇಲೆ ಅವಳ ದನಿ ಇಳಿಯಿತು. "ಹೋದ ವಾರ ಜಾಹ್ನವಿಗೆ ಜ್ವರ ಬಂದಿತ್ತು ಕಣ್ರೀ. ನಿಮಗೆ ಹೇಳ್ಲಿಲ್ಲ. ಹೇಳಿ ಏನು ಮಾಡೋದು, ಅಷ್ಟು ದೂರದಿಂದ ನೀವೇನು ಹಣೆ ಮುಟ್ಟಿ ನೋಡ್ತಿದ್ರಾ."

ಅಣ್ಣಪ್ಪ ಫೋನಿಟ್ಟ. ಯಾವುದಕ್ಕೆ ಬಾಯಿ ಮುಚ್ಚಿಕೊಂಡಿದ್ದೆನೋ ಅದೇ ಕೈಬಿಟ್ಟಿತು. ಇನ್ನು ಮುಚ್ಚಿಕೊಂಡಿದ್ದು ಯಾರ ಉದ್ಧಾರಕ್ಕೆ? ಮೆಮೋ ಕೊಡುತ್ತಾರೋ, ಇನ್‌ಕ್ರಿಮೆಂಟು ಕಟ್ ಮಾಡುತ್ತಾರೋ, ಏನಾದರೂ ಮಾಡಿಕೊಳ್ಳಲಿ. ತನ್ನ ಕನ್ನಡವನ್ನಾದರೂ ವಾಪಸು ಇಸಕೊಂಡು ಬರುತ್ತೇನೆ ಎಂದು ತೀರ್ಮಾನಿಸಿ, ಉಪ್ಪಿಟ್ಟನ್ನೂ ಮಾಡದೆ ಮಲಗಿದ.

ಬೆಳಿಗ್ಗೆ ನೇರವಾಗಿ ರಾಜ್ಯಲಕ್ಷ್ಮಿ ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿದ.

"ಮೇಡಂ, ನಿನ್ನೆ ಬಂದದ್ದು ತೆಲುಗಲ್ಲ. ಕನ್ನಡ."

ಮೇಡಂ ನಕ್ಕರು. "ಏನ್ ಅಣ್ಣಪ್ಪಗಾರೂ ನೀವು. ನಾನೇ ಓದಿದೆನಲ್ಲ."

"ನೀವು ಓದಿದ್ದು ಕನ್ನಡಾನೇ ಮೇಡಂ. ಚೆನ್ನಾಗೇ ಓದಿದ್ರಿ."

ಮೇಡಂ ನಗು ನಿಲ್ಲಿಸಿದರು. ಎದ್ದು, ಈ ಸಲ ಕನ್ನಡಕ ಹಾಕಿಕೊಂಡು, ಲ್ಯಾಬಿಗೆ ನಡೆದರು. ಯಂತ್ರ ತೆರೆಸಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ವಾಪಸು ಬಂದು ಕೂತಾಗ ಅವರ ಕಿವಿಯವರೆಗೂ ಕೆಂಪಾಗಿತ್ತು.

"ಆ ಗ್ರಾಂಥಿಕ ತೆಲುಗು?"

"ಕನ್ನಡ ಮೇಡಂ. ಅದೊಂದು ಪ್ರೋಗ್ರಾಮನ್ನ ಕೊಲ್ಲಬೇಕಾ ಅಂತ ಕೇಳ್ತಿತ್ತು."

"ನಮ್ಮ ತಾತನವರು ಹೀಗೇ ಮಾತಾಡ್ತಿದ್ದರು ಅಂದೆನಲ್ಲ ನಾನು."

"ಹೌದು ಮೇಡಂ. ಅಂದ್ರಿ."

ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು. "ಇದು ಯಾರಿಗೆ ಗೊತ್ತು?"

"ನಿಮಗೆ, ನನಗೆ."

"ಹಾಗೇ ಇರಲಿ. ಆದರೆ ದಿನಾ ಬೆಳಗಾದರೆ ನಿಮ್ಮ ಮುಖ ನೋಡಿಕೊಂಡು ನಾನು ಇಲ್ಲಿ ಕೂರೋಕೆ ಆಗಲ್ಲ ಅಣ್ಣಪ್ಪಗಾರೂ. ನಿಮ್ಮನ್ನ ನೋಡಿದಾಗೆಲ್ಲ ನನಗೆ ತಾತ ನೆನಪಾಗ್ತಾರೆ." ಒಂದು ಕಾಗದ ಎಳೆದುಕೊಂಡರು. "ಇಬ್ರಾಹಿಂಪಟ್ನಂ ಸೈಟಿಗೆ ಹಾಕ್ತೀನಿ. ಬೂದಿ ಕುಡಿದುಕೊಂಡು ಬಿದ್ದಿರಿ."

ಇಬ್ರಾಹಿಂಪಟ್ನಂ ಎಂದರೆ ಥರ್ಮಲ್ ಪವರ್ ಸ್ಟೇಷನ್ನಿನ ಊರು. ಕಾರ್ಖಾನೆಗೆ ಅಲ್ಲೊಂದು ತಗಡಿನ ಛಾವಣಿಯ ಸೈಟಾಫೀಸಿತ್ತು. ಯಾರಿಗಾದರೂ ಬುದ್ಧಿ ಕಲಿಸಬೇಕಾದರೆ ಅಲ್ಲಿಗೆ ಕಳಿಸುತ್ತಿದ್ದರು. ಆ ಬಿಸಿಲಿಗೆ, ಆ ಬೂದಿಗೆ ಹೆದರಿ ದೊಡ್ಡ ದೊಡ್ಡ ಯೂನಿಯನ್ ನಾಯಕರೇ ಅತ್ತು ಕಾಲು ಹಿಡಿದದ್ದುಂಟು. ಅಲ್ಲಿಗೆ ಅರ್ಜಿ ಹಾಕುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ಅಲ್ಲಿಗೆ ಹಾಕಿ ಎಂದು ಕೇಳುವ ಯೋಚನೆ ಅಣ್ಣಪ್ಪನಿಗೆ ಯಾವತ್ತೂ ಬಂದಿರಲಿಲ್ಲ. ಆದರೆ ಅದು ಇರುವುದು ವಿಜಯವಾಡದ ಮಗ್ಗುಲಲ್ಲಿ. ಸಿಟಿ ಬಸ್ಸು ಹೋಗುತ್ತದೆ.

ಅಣ್ಣಪ್ಪ ನಗು ಬಂದುಬಿಟ್ಟೀತೆಂದು ತೊಡೆ ಚಿವುಟಿಕೊಂಡು, ತಲೆ ತಗ್ಗಿಸಿ, ಸತ್ತ ಮನೆಯ ಮುಖ ಮಾಡಿ ನಿಂತ.

ಮೇಡಂ ಸೈನು ಹಾಕಿದರು. ಹಾಕಿ, ಕಿಟಕಿಯ ಕಡೆ ನೋಡುತ್ತ, "ಪಟಮಟದಿಂದ ಅಲ್ಲಿಗೆ ಬಸ್ಸು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ವಿಚಾರಿಸೋಕೂ ಹೋಗಿಲ್ಲ," ಎಂದರು. ಅದು ಕೋಪದ ಮಾತೋ ಇನ್ನೊಂದೋ ಅಣ್ಣಪ್ಪನಿಗೆ ತಿಳಿಯಲಿಲ್ಲ. ಕಾಗದ ತೆಗೆದುಕೊಂಡು, ನಮಸ್ಕಾರ ಮಾಡಿ, ಕಾರಿಡಾರಿನ ತಿರುವು ದಾಟುವವರೆಗೆ ಕುಂಟುತ್ತ ನಡೆದು, ಆಮೇಲೆ ಓಡಿದ. ಕಾರ್ಖಾನೆಯ ಕಂಪ್ಯೂಟರುಗಳಿಗೆಲ್ಲ ಟೆಂಡರು ಮುಗಿದ ಮೇಲೆ ದಿನಕರನೇ ನಿಜವಾದ ತೆಲುಗು ಹಾಕಿದ.

ಕೆಲವೇ ದಿನಗಳಲ್ಲಿ ಅಣ್ಣಪ್ಪ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಬೆಡ್‌ಶೀಟಿನಲ್ಲಿ ಸುತ್ತಿದ ಕಂಪ್ಯೂಟರು ಸಮೇತ ಪಟಮಟದ ಮನೆಯ ಮುಂದೆ ಆಟೋದಿಂದ ಇಳಿದ. ಫೋನಿನಲ್ಲಿ ಸುಮಿತ್ರಾಗೆ ಏನೂ ಹೇಳಿರಲಿಲ್ಲ. ಎದುರಿಗೇ ಹೇಳಬೇಕೆಂಬ ಆಸೆ. ಗೇಟಿನ ಹತ್ತಿರ ಮನೆ ಯಜಮಾನಿ ದುರ್ಗಾಂಬ ಸೊಪ್ಪು ಸೋಸುತ್ತ ಕೂತಿದ್ದರು. ಸಾಮಾನು ನೋಡಿ ಹುಬ್ಬೇರಿಸಿದರು.

"ಸೆಲವಾ ಬಾಬೂ?" ಎಂದರು. ರಜೆಯ ಮೇಲೆ ಬಂದೆಯಾ ಎಂದು.

"ಸೆಲವು ಕಾದಂಡಿ. ಪನಿಷ್ಮೆಂಟು," ಎಂದ ಅಣ್ಣಪ್ಪ. ರಜೆಯಲ್ಲ, ಶಿಕ್ಷೆ ಎಂದು.

"ಅಯ್ಯೋ ಪಾಪಂ," ಎಂದು ದುರ್ಗಾಂಬ ಸೊಪ್ಪು ಕೆಳಗಿಟ್ಟರು.

ಮಹಡಿಯ ಮೆಟ್ಟಿಲ ಮೇಲೆ ಸುಮಿತ್ರಾ ನಿಂತಿದ್ದಳು. ಪನಿಷ್ಮೆಂಟು ಎಂಬ ಒಂದೇ ಮಾತು ಅವಳ ಕಿವಿಗೆ ಬಿದ್ದಿತ್ತು. ಮುಖ ಬಿಳಿಚಿಕೊಂಡಿತ್ತು. ಜಾಹ್ನವಿ ಮಾತ್ರ ಅಮ್ಮನನ್ನು ದಾಟಿಕೊಂಡು ದಡದಡ ಇಳಿದು ಬಂದು ಅಪ್ಪನ ಸೊಂಟಕ್ಕೆ ಜೋತುಬಿದ್ದಳು. ಅವಳು ತೆಲುಗಿನಲ್ಲಿ ಏನೇನೋ ಹೇಳುತ್ತಿದ್ದಳು, ಅಣ್ಣಪ್ಪ ಯಾವುದನ್ನೂ ತಿದ್ದಲಿಲ್ಲ. ಅವಳ ಹಣೆ ಮುಟ್ಟಿ ನೋಡಿದ. ತಣ್ಣಗಿತ್ತು.

"ಏನ್ ಮಾಡ್ಕೊಂಡ್ರಿ ಮತ್ತೆ?" ಅಂದಳು ಸುಮಿತ್ರಾ.

"ನಿಜ ಹೇಳಿದೆ. ಇಬ್ರಾಹಿಂಪಟ್ನಂಗೆ ಎತ್ತಿ ಹಾಕಿದ್ರು."

"ಇಬ್ರಾಹಿಂಪಟ್ನಂ ಅಂದ್ರೆ, ಇಲ್ಲೇ ಬಸ್ಸು ಹೋಗುತ್ತಲ್ಲ, ಅದಾ?"

"ಅದೇ."

"ದಿನಾ ಮನೆಗೆ ಬರಬಹುದಾ?"

"ಬೂದಿ ಮೆತ್ತಿಕೊಂಡು ಬರ್ತೀನಿ. ಆದ್ರೆ ದಿನಾ ಬರ್ತೀನಿ."

ಸುಮಿತ್ರಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಮೊದಲು ನಕ್ಕಳು. ಬ್ಯಾಂಕಿನಲ್ಲಿ ಯಾರೂ ನೋಡಿರದ ನಗು, ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ಬರೀ ಅಳುವೇ ಆಯಿತು. ಅಣ್ಣಪ್ಪ ಅವಳ ಪಕ್ಕ ಕೂತ. ಏನು ಮಾಡಬೇಕೆಂದು ತಲೆ ಯೋಚಿಸುವ ಮೊದಲೇ ಕೈ ಹೋಗಿ ಅವಳ ಬೆನ್ನ ಮೇಲೆ ಕೂತಿತ್ತು.

"ಎಷ್ಟು ವರ್ಷದ ಶಿಕ್ಷೆ?" ಅಂದಳು ಮೂಗು ಒರೆಸಿಕೊಂಡು.

"ಮೂರು ವರ್ಷ ಅಂತ ಬರೆದಿದ್ದಾರೆ."

"ಮೂರೇನಾ?" ಸುಮಿತ್ರಾ ಅವನ ಮುಖ ನೋಡಿದಳು. "ಇನ್ನೂ ಸ್ವಲ್ಪ ದೊಡ್ಡ ತಪ್ಪು ಮಾಡೋಕೆ ಆಗ್ಲಿಲ್ವಾ ನಿಮ್ಗೆ?"